ಹಳೇ ಕಾಲದ ಪ್ರೀ-ವರ್ಕೌಟ್‌ಗಳಲ್ಲಿ ನಿಜವಾಗಿ ಏನಿತ್ತು? ಈಗಿನವು ಯಾಕೆ ಹಾಗೆ ಹಿಡಿಯಲ್ಲ?

ರವಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಜಿಮ್‌ನಲ್ಲಿ ಬಹಳ ವರ್ಷಗಳಿಂದ ಕಬ್ಬಿಣ ಎತ್ತುತ್ತಿರುವ ಒಬ್ಬ ಅಣ್ಣ ಇದ್ದಾರೆ. ಪ್ರೀ-ವರ್ಕೌಟ್, ಅಂದರೆ ವ್ಯಾಯಾಮಕ್ಕೆ ಮೊದಲು ಹುರುಪಿಗೆ ಅಂತ ಕುಡಿಯುವ ಪುಡಿಯ ಮಾತು ಬಂದರೆ ಸಾಕು, "ಈಗಿನದೆಲ್ಲ ಬರೀ ಶರಬತ್ತು ಕಣೋ. ಆಗ ಜಾಕ್3ಡಿ ಒಂದು ಸ್ಕೂಪ್ ಹಾಕಿದ್ರೆ ಬೆಂಚ್ ಬಿಟ್ಟು ಏಳೋಕೇ ಮನಸ್ಸಾಗ್ತಿರಲಿಲ್ಲ" ಅಂತ ಶುರು ಮಾಡುತ್ತಾರೆ. ಅವರಿಗಿಂತ ಹಿರಿಯರು ಅಲ್ಟಿಮೇಟ್ ಆರೆಂಜ್ ಅಂತ ಇನ್ನೊಂದು ಹೆಸರು ಹೇಳುತ್ತಾರೆ.

ಈಗ ಒಬ್ಬರು ವಾಟ್ಸ್ಯಾಪ್‌ನಲ್ಲಿ "ಹಳೇ ಫಾರ್ಮುಲಾ, ಫಾರಿನ್ ಮಾಲು" ಅಂತ ಡಬ್ಬಿ ಮಾರುತ್ತಿದ್ದಾರೆ. ಬಿಲ್ ಕೊಡುವುದಿಲ್ಲ. ಲೇಬಲ್ ಮೇಲೆ 1,3-ಡೈಮೀಥೈಲ್‌ಅಮೈಲಮೈನ್ ಅಂತ ಇದೆ. ನಾನು ಸದ್ಯ ಕುಡಿಯುವ ಪುಡಿಗೆ ಮುಖ, ಕಿವಿ ಜುಮ್ ಅನ್ನುತ್ತೆ, ಆಮೇಲೆ ಏನೂ ಇಲ್ಲ. ಹಳೇದು ನಿಜವಾಗಿಯೂ ಅಷ್ಟು ಚೆನ್ನಾಗಿತ್ತಾ? ಈ ಡಬ್ಬಿ ತಗೊಳ್ಳಬಹುದಾ?

ಬೆಣ್ಣೆದೋಸೆ_ಬಾಡಿ

ಬಿಲ್ ಇಲ್ಲ ಅಂದ ಮೇಲೆ ಇನ್ನೇನು ಕೇಳೋದು ಗುರು. ಬೇಡ.

ಹಳೇ_ಕಬ್ಬಿಣ

ರವಿ, ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ವಿಷಯದಲ್ಲಿ ಅರ್ಧಂಬರ್ಧ ಕತೆಗಳೇ ಜಾಸ್ತಿ ಓಡಾಡುತ್ತವೆ.

ಅಲ್ಟಿಮೇಟ್ ಆರೆಂಜ್ ಹಿಂದೆ ಇದ್ದವರು ಅಮೆರಿಕದ ಡ್ಯಾನ್ ಡುಶೇನ್. ಸ್ಟೆರಾಯ್ಡ್ ವಿಷಯದಲ್ಲಿ ಆಗ ದೊಡ್ಡ ಹೆಸರು. ಮೊದಲ ಪ್ರೀ-ವರ್ಕೌಟ್ ಅಂತ ಸಾಮಾನ್ಯವಾಗಿ ಹೇಳುವುದು ಇದನ್ನೇ, ವರ್ಷ 1982 ಅಂತ ಹೇಳುತ್ತಾರೆ. ಅದರ ಜೀವ ಇದ್ದದ್ದು ಮಾ ಹುವಾಂಗ್‌ನಲ್ಲಿ, ಅಂದರೆ ಎಫೆಡ್ರಾ ಗಿಡ. ಅದರೊಳಗಿನ ಎಫೆಡ್ರಿನ್ ಹೃದಯದ ಬಡಿತ ಏರಿಸುತ್ತೆ, ಬಿಪಿ ಏರಿಸುತ್ತೆ, ಹಸಿವು ಕೊಲ್ಲುತ್ತೆ. ಕೆಫೀನ್ ಜೊತೆ ಸೇರಿದರೆ ಒಂದಕ್ಕೊಂದು ಬಲ ಕೊಡುತ್ತವೆ. 90ರ ದಶಕದ ಇಸಿಎ ಅಂದರೂ ಇದೇ ಜೋಡಿ: 20-25 ಮಿ.ಗ್ರಾಂ ಎಫೆಡ್ರಿನ್, 200 ಮಿ.ಗ್ರಾಂ ಕೆಫೀನ್, ಮೇಲೊಂದು ಆಸ್ಪಿರಿನ್.

1994ರಲ್ಲಿ ಅಮೆರಿಕದಲ್ಲಿ ಬಂದ ಸಪ್ಲಿಮೆಂಟ್ ಕಾಯ್ದೆ ಪ್ರಕಾರ ಇಂಥ ಮಾಲನ್ನು ಮಾರುವ ಮೊದಲು ಎಫ್‌ಡಿಎ, ಅಂದರೆ ಅಲ್ಲಿನ ಆಹಾರ-ಔಷಧ ಇಲಾಖೆಯ ಒಪ್ಪಿಗೆ ಬೇಕಿರಲಿಲ್ಲ. ಮಾರುಕಟ್ಟೆಗೆ ಬಂದ ಮೇಲೆ ಅಪಾಯಕಾರಿ ಅಂತ ಸರ್ಕಾರವೇ ತೋರಿಸಬೇಕಿತ್ತು. ಹತ್ತು ವರ್ಷ ಹಾಗೇ ನಡೆಯಿತು. 2003ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ತಂಡದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಫ್ಲೋರಿಡಾದ ತರಬೇತಿ ಶಿಬಿರದಲ್ಲಿ ಕುಸಿದುಬಿದ್ದು ತೀರಿಹೋದರು. 23 ವರ್ಷ. ಶಾಖಾಘಾತ, ಜೊತೆಗೆ ಎಫೆಡ್ರಾ. 2004ರ ಏಪ್ರಿಲ್‌ನಲ್ಲಿ ಎಫೆಡ್ರಾ ನಿಷೇಧ ಜಾರಿಗೆ ಬಂತು.

ಆ ಜಾಗ ತುಂಬಲು ಬಂದದ್ದೇ ನಿಮ್ಮ ಲೇಬಲ್ ಮೇಲಿರುವ 1,3-ಡೈಮೀಥೈಲ್‌ಅಮೈಲಮೈನ್, ಚಿಕ್ಕದಾಗಿ ಡಿಎಂಎಎ. ಅದು 1940ರ ದಶಕದಲ್ಲಿ ಎಲಿ ಲಿಲ್ಲಿ ಕಂಪನಿ ಮೂಗು ಕಟ್ಟಿದ್ದಕ್ಕೆ ಅಂತ ತಂದ ಔಷಧ. ಆಮೇಲೆ ಮೂಲೆ ಸೇರಿತ್ತು. 2006ರ ಸುಮಾರಿಗೆ ಸಪ್ಲಿಮೆಂಟ್ ಆಗಿ ವಾಪಸ್ ಬಂತು. ಜಾಕ್3ಡಿ ಹಿಡಿಯುತ್ತಿದ್ದದ್ದು ಅದರಿಂದ.

ಹಾಗಾಗಿ ನಿಮ್ಮ ಅಣ್ಣ ಸುಳ್ಳು ಹೇಳುತ್ತಿಲ್ಲ. ಹಿಡಿಯುತ್ತಿತ್ತು. ಆದರೆ ಹಿಡಿಯುತ್ತಿದ್ದದ್ದು ಔಷಧ, ಪುಡಿಯ ಉಳಿದ ಭಾಗ ಅಲ್ಲ.

ಪಂಪ್_ಪ್ರಿಯ

ಕೆಲಸ ಮಾಡುವುದನ್ನೆಲ್ಲ ಬ್ಯಾನ್ ಮಾಡ್ತಾರೆ, ಕೆಲಸ ಮಾಡದ್ದನ್ನು ಮಾರೋಕೆ ಬಿಡ್ತಾರೆ. ಲಕ್ಷಾಂತರ ಜನ ಜಾಕ್3ಡಿ ಕುಡಿದರು. ಎಷ್ಟು ಜನಕ್ಕೆ ಏನಾಯ್ತು? ಸಿಗರೇಟು ಪ್ರತಿ ಅಂಗಡಿಯಲ್ಲೂ ಸಿಗುತ್ತೆ. ದೊಡ್ಡವರು ತಮ್ಮ ದೇಹಕ್ಕೆ ಏನು ಹಾಕಿಕೊಳ್ಳಬೇಕು ಅಂತ ತಾವೇ ನಿರ್ಧಾರ ಮಾಡಲಿ.

ಓಟಗಾರ್ತಿ_ಮಂಗಳೂರು

ಪಂಪ್ ಅವರೇ, ಒಂದು ವಿಷಯ ಹೇಳ್ತೀನಿ. 2012ರ ಲಂಡನ್ ಮ್ಯಾರಥಾನ್‌ನಲ್ಲಿ 30 ವರ್ಷದ ಒಬ್ಬ ಓಟಗಾರ್ತಿ ಕೊನೆಯ ಮೈಲಿಯಲ್ಲಿ ಕುಸಿದು ಸತ್ತರು. ಸುಸ್ತಾದರೆ ಇರಲಿ ಅಂತ ನೀರಿನ ಬಾಟಲಿಗೆ ಜಾಕ್3ಡಿ ಹಾಕಿಕೊಂಡಿದ್ದರು. ವಿಚಾರಣೆಯಲ್ಲಿ ಡಿಎಂಎಎ ಹೆಸರು ಬಂತು. ಅವರು ಬಾಡಿಬಿಲ್ಡರ್ ಅಲ್ಲ, ದಾನಕ್ಕೆ ಹಣ ಎತ್ತಲು ಓಡುತ್ತಿದ್ದವರು. "ತಮ್ಮ ದೇಹಕ್ಕೆ ತಾವೇ" ಅನ್ನಬೇಕಾದರೆ ಡಬ್ಬಿಯಲ್ಲಿ ಏನಿದೆ ಅಂತ ಮೊದಲು ಗೊತ್ತಿರಬೇಕು, ಅಲ್ವಾ? ಅಂಗಡಿಯಲ್ಲಿ ಪ್ರೋಟೀನ್ ಪುಡಿ ಪಕ್ಕದಲ್ಲೇ ಇಟ್ಟಿದ್ದ ಮಾಲು ಅದು.

ನಮ್ಮ ಕರಾವಳಿಯ ಸೆಕೆಯಲ್ಲಿ ಇಂಥದ್ದು ಕುಡಿದು ಓಡುವುದನ್ನು ನೆನೆದರೇ ಭಯ ಆಗುತ್ತೆ. ಎಫೆಡ್ರಿನ್, ಡಿಎಂಎಎ ಎರಡೂ ರಕ್ತನಾಳ ಬಿಗಿ ಮಾಡುತ್ತವೆ. ಚರ್ಮಕ್ಕೆ ರಕ್ತ ಕಡಿಮೆ ಹೋದರೆ ಮೈಯ ಬಿಸಿ ಹೊರಗೆ ಹೋಗಲ್ಲ.

ಕೋಚ್_ಬೆಳಗಾವಿ

ಸ್ಪರ್ಧೆಗೆ ಇಳಿಯುವ ಹುಡುಗರು ಇದನ್ನು ಓದುತ್ತಿದ್ದರೆ: ಡಿಎಂಎಎ, ಮೀಥೈಲ್‌ಹೆಕ್ಸಾನಮೈನ್, ಜೆರೇನಿಯಂ ಎಕ್ಸ್‌ಟ್ರ್ಯಾಕ್ಟ್, ಎಲ್ಲ ಒಂದೇ ಮಾಲಿಗೆ ಬೇರೆ ಬೇರೆ ಹೆಸರು. ಲೇಬಲ್ ಮೇಲೆ ಹೂವಿನ ಗಿಡದ ಹೆಸರು ನೋಡಿ ನೈಸರ್ಗಿಕ ಅಂತ ನಂಬಬೇಡಿ. 2010ರಿಂದ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿದೆ. ಅದೇ ವರ್ಷ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ಗೆ ಸ್ವಲ್ಪ ಮೊದಲು ನಮ್ಮ ದೇಶದ ಕುಸ್ತಿಪಟುಗಳೂ ಸೇರಿ ಹಲವರು ಇದೇ ಮೀಥೈಲ್‌ಹೆಕ್ಸಾನಮೈನ್‌ಗೆ ಸಿಕ್ಕಿಬಿದ್ದರು. ವರ್ಷಗಟ್ಟಲೆ ಮಾಡಿದ ತಾಲೀಮು ಒಂದು ಸ್ಕೂಪ್‌ಗೆ ಹೋಗುತ್ತೆ.

"ಗೊತ್ತಿಲ್ಲದೆ ತಗೊಂಡೆ ಸಾರ್" ಅಂದರೆ ಬಿಡುವುದಿಲ್ಲ. ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ.

ಡೆಟ್ರಾಯ್ಟ್_ಕನ್ನಡಿಗ

ಇಲ್ಲಿ ಆಗ ನಡೆದದ್ದನ್ನು ಸೇರಿಸುತ್ತೇನೆ. 2011ರಲ್ಲಿ ಇಬ್ಬರು ಅಮೆರಿಕನ್ ಸೈನಿಕರು ತರಬೇತಿ ವೇಳೆ ಸತ್ತ ಮೇಲೆ ಸೇನೆಯ ಅಂಗಡಿಗಳಿಂದ ಡಿಎಂಎಎ ಇದ್ದ ಮಾಲೆಲ್ಲ ತೆಗೆದರು. 2012ರ ಏಪ್ರಿಲ್‌ನಲ್ಲಿ ಎಫ್‌ಡಿಎ ಹತ್ತು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. 2013ರಲ್ಲಿ ಜಾಕ್3ಡಿ ಮಾಡುತ್ತಿದ್ದ ಯುಎಸ್‌ಪಿ ಲ್ಯಾಬ್ಸ್ ಸುಮಾರು 80 ಲಕ್ಷ ಡಾಲರ್ ಬೆಲೆಯ ಮಾಲು ನಾಶ ಮಾಡಬೇಕಾಯಿತು.

ಆಮೇಲೆ ಅದೇ ಹೆಸರಿನಲ್ಲಿ ಬಂದ ಹೊಸ ಡಬ್ಬಿಯಲ್ಲಿ ಡಿಎಂಎಎ ಇರಲಿಲ್ಲ. ಅಂದರೆ ಹಳೇ ಮಾಲು ಅಂತ ಯಾರಾದರೂ ಈಗ ಕೊಟ್ಟರೆ, ಒಂದೋ ಅವಧಿ ಮುಗಿದು ವರ್ಷಗಳಾದದ್ದು, ಇಲ್ಲ ಯಾರೋ ಎಲ್ಲೋ ಕಲಸಿ ಡಬ್ಬಿ ಮುಚ್ಚಿದ್ದು. ಮೂರನೆಯ ದಾರಿ ನನಗೆ ಕಾಣುತ್ತಿಲ್ಲ.

ಪಂಪ್_ಪ್ರಿಯ

ಸರಿ, ಖೋಟಾ ಮಾಲಿನ ಮಾತು ಒಪ್ಪುತ್ತೇನೆ. ಆದರೆ ಬೆಕ್ಲರ್‌ಗೆ ಮೊದಲೇ ಬಿಪಿ ಇತ್ತು ಅಂತ ಓದಿದ್ದೇನೆ. ಆರೋಗ್ಯವಾಗಿದ್ದವರಿಗೆ 25 ಮಿ.ಗ್ರಾಂ ಎಫೆಡ್ರಿನ್ ಏನೂ ಮಾಡಲ್ಲ. ಅದನ್ನು ಡಾಕ್ಟರುಗಳೇ ಅಸ್ತಮಾಕ್ಕೆ ಕೊಡುತ್ತಿದ್ದರು.

ಸುಮಾ_ಫಾರ್ಮಸಿ_ಹುಬ್ಬಳ್ಳಿ

ಕೊಡುತ್ತಿದ್ದರು, ಹೌದು. ಆ ಕಾರಣಕ್ಕೇ ಬೇಡ ಅನ್ನುವುದು. ಡಾಕ್ಟರು ಕೊಡುವಾಗ ಬಿಪಿ ನೋಡುತ್ತಾರೆ, ಬೇರೆ ಮಾತ್ರೆ ಏನಿದೆ ಅಂತ ಕೇಳುತ್ತಾರೆ, ಪ್ರಮಾಣ ಗೊತ್ತಿರುತ್ತೆ. ಗಿಡದ ಪುಡಿಯಲ್ಲಿ ಎಫೆಡ್ರಿನ್ ಎಷ್ಟಿದೆ ಅನ್ನುವುದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತೆ. ಮತ್ತೆ, ಬೆಕ್ಲರ್‌ಗೆ ಬಿಪಿ ಇತ್ತು ಅಂದಿರಲ್ಲ, ನಮ್ಮ ಊರಿನ ಜಿಮ್‌ಗಳಲ್ಲಿ ಬಿಪಿ ಚೆಕ್ ಮಾಡಿಸಿಕೊಂಡ 25ರ ಹುಡುಗರು ಎಷ್ಟು ಜನ ಇದ್ದಾರೆ? ಅಂಗಡಿಗೆ ತಲೆನೋವಿನ ಮಾತ್ರೆಗೆ ಬಂದವರನ್ನು ಕೂರಿಸಿ ಬಿಪಿ ನೋಡಿದರೆ 150 ಇರುತ್ತೆ. ಅವರಿಗೆ ಗೊತ್ತೇ ಇರಲ್ಲ.

ಆಯುರ್_ಶಕ್ತಿ

ನಮ್ಮ ಆಯುರ್ವೇದದಲ್ಲಿ ಸೋಮಲತೆ ಇದೆಯಲ್ಲ, ಅದೂ ಎಫೆಡ್ರಾ ಜಾತಿಯೇ. ಹಿಮಾಲಯದಲ್ಲಿ ಬೆಳೆಯುತ್ತೆ. ಗಿಡವಾಗಿ ತಗೊಂಡರೆ ಅಡ್ಡ ಪರಿಣಾಮ ಇರುವುದಿಲ್ಲ.

ಸುಮಾ_ಫಾರ್ಮಸಿ_ಹುಬ್ಬಳ್ಳಿ

ಗಿಡದಲ್ಲಿರುವುದೂ ಅದೇ ಎಫೆಡ್ರಿನ್ ಸರ್. 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಅದನ್ನು ಬೇರ್ಪಡಿಸಿದ್ದು ಮಾ ಹುವಾಂಗ್ ಗಿಡದಿಂದಲೇ. ಹೃದಯಕ್ಕೆ ಗಿಡದ್ದು, ಕಾರ್ಖಾನೆಯದ್ದು ಅಂತ ಭೇದ ಇಲ್ಲ. ವೈದ್ಯರು ಉಬ್ಬಸಕ್ಕೆ ಅಳತೆ ಮಾಡಿ ಕೊಡುವುದು ಬೇರೆ, ಸ್ಕ್ವಾಟ್ ಮಾಡುವ ಮೊದಲು ಕೆಫೀನ್ ಜೊತೆ ಕುಡಿಯುವುದು ಬೇರೆ.

ಗರಡಿ_ಹುಡುಗ

ಮೈಸೂರಿನ ಗರಡಿಯಲ್ಲಿ ಬೆಳೆದವನು ನಾನು. ನಮ್ಮಲ್ಲಿ ಸಾಮು ತೆಗೆಯುವ ಮೊದಲು ಏನೂ ಇಲ್ಲ. ಬೆಳಗಿನ ಜಾವ ಬರೀ ಹೊಟ್ಟೆಯಲ್ಲಿ ದಂಡೆ, ಬಸ್ಕಿ, ಆಮೇಲೆ ಕುಸ್ತಿ ಮಣ್ಣಿಗೆ ಇಳಿಯೋದು. ಎಲ್ಲ ಮುಗಿದ ಮೇಲೆ ನೆನೆಸಿ ಅರೆದ ಬಾದಾಮಿ ಹಾಲು. ಉಸ್ತಾದರು ಹೇಳುತ್ತಿದ್ದದ್ದು ಒಂದೇ, ರಾತ್ರಿ ಬೇಗ ಮಲಗು ಅಂತ.

ಹಳೇ_ಕಬ್ಬಿಣ

ಗರಡಿ ಅವರ ಮಾತಿಗೆ ಒಂದು ಸೇರಿಸಬೇಕು. 1952ರಲ್ಲಿ ಮಿಸ್ಟರ್ ಯೂನಿವರ್ಸ್ ಆದ ಬಂಗಾಳದ ಮನೋಹರ್ ಐಚ್ 4 ಅಡಿ 11 ಇಂಚಿನ ಆಳು. ಬ್ರಿಟಿಷ್ ಅಧಿಕಾರಿಗೆ ಕಪಾಳಕ್ಕೆ ಹೊಡೆದು ಜೈಲಿಗೆ ಹೋದಾಗ ಅಲ್ಲೇ ಗಂಟೆಗಟ್ಟಲೆ ಕಸರತ್ತು ಮಾಡಿದವರು. ಅವರ ಊಟ ತಂಗಳನ್ನ. 104 ವರ್ಷ ಬದುಕಿದರು. ನಮ್ಮ ಬೆಂಗಳೂರಿನ ಕೆ.ವಿ. ಅಯ್ಯರ್ ಕಾದಂಬರಿಕಾರರು ಅಂತ ಎಲ್ಲರಿಗೂ ಗೊತ್ತು, ಆದರೆ ಅದಕ್ಕೂ ಮೊದಲು ಅವರು ವ್ಯಾಯಾಮಶಾಲೆ ನಡೆಸಿದ ದೇಹದಾರ್ಢ್ಯ ಪಟು. ಅವರ ಹಳೇ ಫೋಟೋಗಳನ್ನು ನೋಡಿ. ಆ ಮೈಕಟ್ಟಿನ ಕಾಲಕ್ಕೆ ಇನ್ನೂ ಪ್ರೀ-ವರ್ಕೌಟ್ ಅನ್ನುವುದೇ ಹುಟ್ಟಿರಲಿಲ್ಲ.

ಬೆಣ್ಣೆದೋಸೆ_ಬಾಡಿ

ಅಮೆರಿಕದವರು 60-70ರ ದಶಕದಲ್ಲಿ ಲಿವರ್ ಮಾತ್ರೆ ತಿನ್ನುತ್ತಿದ್ದರಂತೆ, ನಿಜವಾ?

ಹಳೇ_ಕಬ್ಬಿಣ

ನಿಜ. ದನದ ಲಿವರ್ ಒಣಗಿಸಿ ಪುಡಿ ಮಾಡಿ ಮಾತ್ರೆ ಕಟ್ಟಿದ್ದು. ವಿನ್ಸ್ ಗಿರೊಂಡಾ ಥರದ ತರಬೇತುದಾರರು ದಿನವಿಡೀ ತಿನ್ನಲು ಹೇಳುತ್ತಿದ್ದರು. ಅದರ ಹಿಂದೆ 1951ರ ಒಂದು ಪ್ರಯೋಗ ಇತ್ತು. ಬೆಂಜಮಿನ್ ಎರ್ಷಾಫ್ ಅನ್ನುವವರು ಇಲಿಗಳಿಗೆ ಲಿವರ್ ಪುಡಿ ತಿನ್ನಿಸಿ ನೀರಿಗೆ ಬಿಟ್ಟರು, ಅವು ಉಳಿದ ಇಲಿಗಳಿಗಿಂತ ತುಂಬ ಹೊತ್ತು ಈಜಿದವು. ಸಪ್ಲಿಮೆಂಟ್ ಜಾಹೀರಾತುಗಳು ಆ ಇಲಿಗಳನ್ನೇ ಹಿಡಿದುಕೊಂಡವು. ಲಿವರ್‌ನಲ್ಲಿ ಕಬ್ಬಿಣಾಂಶ, ಬಿ12 ಇದೆ, ರಕ್ತಹೀನತೆ ಇದ್ದವರಿಗೆ ಉಪಯೋಗ ಆಗಿರಬಹುದು. ಕಿಕ್ ಅಂತೂ ಇಲ್ಲ. ಜೊತೆಗೆ ವೀಟ್ ಜರ್ಮ್ ಎಣ್ಣೆ, ಒಂದು ಕಪ್ ಕಪ್ಪು ಕಾಫಿ. ನಿಜವಾದ ಹಳೇ ಕಾಲದ ಪ್ರೀ-ವರ್ಕೌಟ್ ಅಂದರೆ ಅದೇ.

ರವಿ_ದಾವಣಗೆರೆ

ಇಷ್ಟೊಂದು ವಿಷಯ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ನನ್ನ ಈಗಿನ ಪುಡಿಯಲ್ಲಿ ಜುಮ್ ಅನ್ನುವುದು ಏನು? ಅದು ಕೆಲಸ ಮಾಡುತ್ತಿದೆ ಅಂತ ಗುರುತಲ್ವಾ?

ಸುಮಾ_ಫಾರ್ಮಸಿ_ಹುಬ್ಬಳ್ಳಿ

ಅದು ಬೀಟಾ-ಅಲನಿನ್. ಚರ್ಮದ ನರಗಳನ್ನು ಕೆಣಕುತ್ತೆ, ಅದಕ್ಕೆ ಜುಮ್. ಅಪಾಯ ಇಲ್ಲ. ಆದರೆ ಆ ಜುಮ್‌ಗೂ ಶಕ್ತಿಗೂ ಸಂಬಂಧ ಇಲ್ಲ. ಅದರ ಕೆಲಸ ಸ್ನಾಯುವಿನಲ್ಲಿ ಕಾರ್ನೋಸಿನ್, ಅಂದರೆ ಸ್ನಾಯು ಬೇಗ ಸೋಲದಂತೆ ನೋಡುವ ಪದಾರ್ಥ ಹೆಚ್ಚಿಸುವುದು. ಅದಕ್ಕೆ ದಿನಕ್ಕೆ 3ರಿಂದ 6 ಗ್ರಾಂನಂತೆ ವಾರಗಟ್ಟಲೆ ತಗೋಬೇಕು. ಇವತ್ತು ಕುಡಿದು ಇವತ್ತೇ ಫಲ ಸಿಗಲ್ಲ. ಕುಡಿದ ತಕ್ಷಣ ಏನೋ ಆಯಿತು ಅನ್ನಿಸಲಿ ಅಂತಲೇ ತುಂಬ ಕಂಪನಿಗಳು ಹಾಕುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಕ್ರಿಯೇಟಿನ್ ಕೂಡ ಹಾಗೇ. ದಿನಕ್ಕೆ 3-5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಪ್ರೀ-ವರ್ಕೌಟ್ ಒಳಗೇ ಇರಬೇಕು ಅಂತೇನಿಲ್ಲ.

ಪಂಪ್_ಪ್ರಿಯ

ಅರ್ಜಿನಿನ್ ಬಗ್ಗೆ ಹೇಳಿ, ರಕ್ತನಾಳ ಹಿಗ್ಗಿಸಿ ಪಂಪ್ (ಸ್ನಾಯುಗೆ ರಕ್ತ ತುಂಬಿ ಉಬ್ಬುವುದು) ಕೊಡುತ್ತೆ ಅಂತಾರಲ್ಲ, ಅದು. 2004-05ರಲ್ಲಿ ಅದನ್ನು ಹಾಕಿದ ಎನ್‌ಓ-ಎಕ್ಸ್‌ಪ್ಲೋಡ್ ಪುಡಿ ಬಂದಾಗ ಜಿಮ್ಮೆಲ್ಲ ಪಂಪ್ ಪಂಪ್ ಅನ್ನುತ್ತಿತ್ತು. ಅದರಲ್ಲಿ ಡಿಎಂಎಎ ಇರಲಿಲ್ಲ, ಎಫೆಡ್ರಾನೂ ಇರಲಿಲ್ಲ. ಆದರೂ ಕೆಲಸ ಮಾಡುತ್ತಿತ್ತು.

ಡೆಟ್ರಾಯ್ಟ್_ಕನ್ನಡಿಗ

ಅದರಲ್ಲಿ ಕೆಫೀನ್ ಇತ್ತು, ಕ್ರಿಯೇಟಿನ್ ಇತ್ತು. ಅರ್ಜಿನಿನ್‌ನಲ್ಲಿ ಬಾಯಿಂದ ತಗೊಂಡದ್ದರ ದೊಡ್ಡ ಪಾಲು ಕರುಳು, ಲಿವರ್‌ನಲ್ಲೇ ಒಡೆದುಹೋಗುತ್ತೆ. ಸಿಟ್ರುಲಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಆ ಕಾಟ ತಪ್ಪಿಸಿಕೊಂಡು ಮೂತ್ರಪಿಂಡದಲ್ಲಿ ಅರ್ಜಿನಿನ್ ಆಗುತ್ತೆ. ಅದಕ್ಕೇ ಈಗಿನವರು ಸಿಟ್ರುಲಿನ್ ಮ್ಯಾಲೇಟ್ 6-8 ಗ್ರಾಂ ಹಾಕುತ್ತಾರೆ. ಈ ಒಂದು ವಿಷಯದಲ್ಲಿ ಹೊಸದೇ ಮೇಲು.

ಹಳೇ ಡಬ್ಬಿಗಳ ದೊಡ್ಡ ಮೋಸ "ಪ್ರೊಪ್ರೈಟರಿ ಬ್ಲೆಂಡ್" ಅನ್ನುವ ಸಾಲು. ಹತ್ತು ಪದಾರ್ಥದ ಹೆಸರು, ಒಟ್ಟು ತೂಕ ಒಂದೇ. ಯಾವುದು ಎಷ್ಟು ಅಂತ ಗೊತ್ತಾಗಲ್ಲ. ಇವತ್ತಿಗೂ ಆ ಸಾಲು ಇರುವ ಡಬ್ಬಿ ನಾನು ಮುಟ್ಟುವುದಿಲ್ಲ.

ಕಾಫಿತೋಟ_ಮೂಡಿಗೆರೆ

ಎಲ್ಲ ಬಿಟ್ಟು ಕಾಫಿ ಕುಡೀರಿ ಅಂತ ಹೇಳೋಕೆ ಬಂದೆ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ನಮ್ಮ ಕರ್ನಾಟಕದ್ದು. ಇಲ್ಲಿ ಕೂತು ಸಾವಿರಾರು ರೂಪಾಯಿ ಕೊಟ್ಟು ಅಮೆರಿಕದ ಕೆಫೀನ್ ತರಿಸೋದು ಯಾಕೆ?

ಕಿಕ್ ಬೇಕಾದರೆ ರೊಬಸ್ಟಾ ತಗೊಳ್ಳಿ. ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಮತ್ತೆ ಚಿಕೋರಿ ಹಾಕಿದ ಪುಡಿ ಬೇಡ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. 60-40 ಪುಡಿಯ ಕಾಫಿ ಕುಡಿದು "ಹಿಡೀಲಿಲ್ಲ" ಅಂದರೆ ಅದು ಕಾಫಿಯ ತಪ್ಪಲ್ಲ.

ಗರಡಿ_ಹುಡುಗ

ಚಿಕೋರಿ ಇಲ್ಲದ ಫಿಲ್ಟರ್ ಕಾಫಿಗೆ ಆ ಗಟ್ಟಿತನ, ಬಣ್ಣ ಎರಡೂ ಬರಲ್ಲ ಸ್ವಾಮಿ. 80-20 ಇರಲೇಬೇಕು.

ಕಾಫಿತೋಟ_ಮೂಡಿಗೆರೆ

ಡಿಕಾಕ್ಷನ್ ಇಳಿಸೋಕೆ ತಾಳ್ಮೆ ಇದ್ದರೆ ಬರುತ್ತೆ. ಸಣ್ಣಗೆ ಪುಡಿ ಮಾಡಿಸಿ, ಬಿಸಿನೀರು ಹಾಕಿ ರಾತ್ರಿಯೇ ಇಟ್ಟುಬಿಡಿ. ಪೀಬೆರಿ ಆದರೆ ಇನ್ನೂ ಚೆನ್ನ.

ಬೆಣ್ಣೆದೋಸೆ_ಬಾಡಿ

ಹಾಲು, ಸಕ್ಕರೆ ಹಾಕಬಹುದಾ ಇಲ್ಲ ಕಪ್ಪಾಗೇ ಕುಡೀಬೇಕಾ?

ಓಟಗಾರ್ತಿ_ಮಂಗಳೂರು

ಹಾಕಬಹುದು, ಕೆಫೀನ್ ಎಲ್ಲೂ ಹೋಗಲ್ಲ. ಹಾಲು ಹೊಟ್ಟೆಗೆ ಭಾರ ಅನ್ನಿಸಿದರೆ ಬಿಡಿ. ನಾನು ಉದ್ದ ಓಟದ ದಿನ ಕಪ್ಪು ಕಾಫಿ, ಒಂದು ಬಾಳೆಹಣ್ಣು, ಅಷ್ಟೇ.

ಕೋಚ್_ಬೆಳಗಾವಿ

ಪ್ರಮಾಣ ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲರೂ ಅಂದಾಜಿನಲ್ಲಿ ಕುಡಿಯುತ್ತಾರೆ. ದೇಹದ ಪ್ರತಿ ಕಿಲೋಗೆ 3 ಮಿ.ಗ್ರಾಂ ಕೆಫೀನ್ ಸಾಕು. 70 ಕಿಲೋ ಇದ್ದವರಿಗೆ ಸುಮಾರು 200 ಮಿ.ಗ್ರಾಂ. ಒಂದು ಚಮಚ ಅಂದರೆ 2 ಗ್ರಾಂ ಇನ್‌ಸ್ಟಂಟ್ ಕಾಫಿಪುಡಿಯಲ್ಲಿ 60 ಮಿ.ಗ್ರಾಂ ಆಸುಪಾಸು. ಅಂದರೆ ಮೂರು ಚಮಚ. ವ್ಯಾಯಾಮಕ್ಕೆ 45 ನಿಮಿಷ ಮೊದಲು. ಇಡೀ ದಿನದ್ದು ಟೀ ಎಲ್ಲ ಸೇರಿ 400 ಮೀರಬಾರದು. ಕೆಲವು ಹೊಸ ಡಬ್ಬಿಗಳಲ್ಲಿ ಒಂದೇ ಸ್ಕೂಪ್‌ಗೆ 300-350 ಇರುತ್ತೆ, ಎರಡು ಸ್ಕೂಪ್ ಹಾಕುವ ಹುಡುಗರನ್ನು ನೋಡಿದ್ದೇನೆ.

2004ರವರೆಗೆ ಕೆಫೀನ್ ಕೂಡ ಒಂದು ಮಿತಿ ಮೀರಿದರೆ ಒಲಿಂಪಿಕ್ಸ್‌ನಲ್ಲಿ ನಿಷಿದ್ಧ ಇತ್ತು. ಕಾಫಿ ದುರ್ಬಲ ಅಂತ ತಿಳಿಯಬೇಡಿ.

ಸಂಜೆ ಏಳಕ್ಕೆ ಜಿಮ್‌ಗೆ ಹೋಗುವವರು ಕುಡಿಯಲೇಬೇಡಿ. ಐದು ಗಂಟೆ ಕಳೆದರೂ ಅರ್ಧ ಕೆಫೀನ್ ರಕ್ತದಲ್ಲೇ ಇರುತ್ತೆ. ನಿದ್ದೆ ಹೋದರೆ ಮೈ ಬೆಳೆಯುವುದೆಲ್ಲಿ?

ರವಿ_ದಾವಣಗೆರೆ

ನಾನು ಸಂಜೆಯವನೇ. ಕೆಲಸ ಮುಗಿಯುವುದೇ ಆರೂವರೆಗೆ. ಹಾಗಾದರೆ ಸಿಟ್ರುಲಿನ್ ಮಾತ್ರ ನೋಡಬಹುದಾ?

ಡೆಟ್ರಾಯ್ಟ್_ಕನ್ನಡಿಗ

ನೋಡಬಹುದು. ಅದರಲ್ಲಿ ಉತ್ತೇಜಕ ಇಲ್ಲ. ರುಚಿ ಹುಳಿ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, ಹೊರಗಿನ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ ಇದೆಯಾ ಅಂತ ನೋಡಿಯೇ ತಗೊಳ್ಳಿ. ಅದಕ್ಕೂ ಮೊದಲು ನಾಲ್ಕು ಗಂಟೆಗೆ ಏನಾದರೂ ತಿನ್ನುತ್ತೀರಾ? ಮಧ್ಯಾಹ್ನದ ಊಟದ ಮೇಲೆ ಏಳರವರೆಗೆ ಏನೂ ತಿನ್ನದಿದ್ದರೆ ಯಾವ ಪುಡಿಯೂ ಹಿಡಿಯಲ್ಲ.

ರವಿ_ದಾವಣಗೆರೆ

ಇಲ್ಲ, ಟೀ ಬಿಸ್ಕೆಟ್ ಅಷ್ಟೇ. ಆ ಡಬ್ಬಿಯವರಿಗೆ ಬೇಡ ಅಂತ ಮೆಸೇಜ್ ಹಾಕಿದೆ.

ಬಸು_ಧಾರವಾಡ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಕೇಳಬೇಕು. ನಮ್ಮ ಕಡೆ ಜಿಮ್‌ನಲ್ಲಿ ಪುಡಿ ಯಾರೂ ಕುಡಿಯಲ್ಲ. ಇಂಜೆಕ್ಷನ್. ವರ್ಕೌಟ್‌ಗೆ ಮೊದಲು ಚುಚ್ಚಿಕೊಳ್ಳುತ್ತಾರೆ. ಮೆಫೆಂಟರ್ಮಿನ್ ಅಂತ. ನನ್ನ ಆಪ್ತ ಗೆಳೆಯ ಒಬ್ಬ ಅದಿಲ್ಲದೆ ಈಗ ಜಿಮ್‌ಗೆ ಬರೋದೇ ಇಲ್ಲ. ರಾತ್ರಿ ಮಲಗಲ್ಲ. ಯಾರೋ ತನ್ನ ಬಗ್ಗೆ ಮಾತಾಡ್ತಿದಾರೆ ಅಂತಾನೆ. ಮನೆಯವರಿಗೆ ಗೊತ್ತಿಲ್ಲ. ಇದೂ ಪ್ರೀ-ವರ್ಕೌಟೇನಾ?

ಕೋಚ್_ಬೆಳಗಾವಿ

ಇದನ್ನು ಎತ್ತಿದ್ದು ಒಳ್ಳೆಯದಾಯಿತು ಬಸು. ಇದು ಬೇರೆ ಕಡೆಗಳಲ್ಲೂ ಇದೆ, ಯಾರೂ ಬಾಯಿ ಬಿಡಲ್ಲ. ವಾಡಾ ಪಟ್ಟಿಯಲ್ಲೂ ಇದೆ.

ಸುಮಾ_ಫಾರ್ಮಸಿ_ಹುಬ್ಬಳ್ಳಿ

ಬಸು, ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಮೆಫೆಂಟರ್ಮಿನ್ ಆಪರೇಷನ್ ಥಿಯೇಟರ್‌ನ ಔಷಧ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರೋಗಿಯ ಬಿಪಿ ಕುಸಿದರೆ ಏರಿಸಲು ಅರಿವಳಿಕೆ ತಜ್ಞರು ಕೊಡುತ್ತಾರೆ, ಮಾನಿಟರ್ ನೋಡುತ್ತಾ. ಆಂಫೆಟಮಿನ್ ಕುಟುಂಬದ್ದು. ಚೀಟಿ ಇಲ್ಲದೆ ಮಾರುವುದು ಅಪರಾಧ, ಆದರೂ ಮಾರುವವರಿದ್ದಾರೆ. ಈ ಚರ್ಚೆಯಲ್ಲಿ ಹಳೇ ಎಫೆಡ್ರಾ, ಡಿಎಂಎಎ ಅಂತ ಬಂದದ್ದಕ್ಕೆಲ್ಲ ನಮ್ಮ ಊರಿನಲ್ಲಿ ಈಗ ಸಿಗುವ ರೂಪ ಇದು.

ನಿದ್ದೆ ಇಲ್ಲದಿರುವುದು, ಸಂಶಯ, ಯಾರೋ ಮಾತಾಡಿದಂತೆ ಕೇಳುವುದು, ಇದೆಲ್ಲ ಈ ಔಷಧದಿಂದ ಆಗುತ್ತೆ ಅಂತ ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲೇ ಜಿಮ್ ಹುಡುಗರ ಪ್ರಕರಣಗಳು ಬಂದಿವೆ. ಚಟ ಆಗುತ್ತೆ. ಬಿಟ್ಟಾಗ ವಿಪರೀತ ಸುಸ್ತು, ಮಂಕು ಬರುತ್ತೆ, ಅದಕ್ಕೆ ಹೆದರಿ ಮತ್ತೆ ಚುಚ್ಚಿಕೊಳ್ಳುತ್ತಾರೆ. ಬೈಯಬೇಡಿ, ಒಬ್ಬನೇ ಬಿಡಲು ಬಿಡಬೇಡಿ. ನೀವು ಧಾರವಾಡದವರು, ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ನಿಮ್ಮ ಊರಲ್ಲೇ ಇದೆ. ಎದೆ ನೋವು, ಎದೆ ಡವಗುಟ್ಟುವುದು ಇದ್ದರೆ ಮಾತ್ರ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ. ಡಿಮ್ಹಾನ್ಸ್‌ಗೆ ಹೋಗಲು ಒಪ್ಪದಿದ್ದರೆ ಮೊದಲು 14416ಕ್ಕೆ ನೀವೇ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡುತ್ತಾರೆ.

ಪಂಪ್_ಪ್ರಿಯ

ಬಸು, ಇಷ್ಟು ಹೊತ್ತು ಹಳೇ ಮಾಲಿನ ಪರವಾಗಿ ವಾದ ಮಾಡಿದವನು ನಾನು. ಇದರಲ್ಲಿ ವಾದ ಇಲ್ಲ. ಸೂಜಿ ಒಬ್ಬರದ್ದೊಬ್ಬರು ಹಂಚಿಕೊಳ್ಳುತ್ತಿದ್ದಾರಾ ಅಂತಲೂ ಕೇಳಿ.

ಬಸು_ಧಾರವಾಡ

ಕೇಳ್ತೀನಿ ಅಣ್ಣ. ಸುಮಾ ಮೇಡಂ, ಡಿಮ್ಹಾನ್ಸ್‌ನಲ್ಲಿ ಪೊಲೀಸ್ ಕೇಸ್ ಏನಾದರೂ ಆಗುತ್ತಾ? ಅವನ ಭಯ ಅದೇ.

ಸುಮಾ_ಫಾರ್ಮಸಿ_ಹುಬ್ಬಳ್ಳಿ

ಅವರು ಅವನನ್ನು ರೋಗಿಯಾಗಿಯೇ ನೋಡುತ್ತಾರೆ. ಚಿಕಿತ್ಸೆ ಕೇಳಿ ಬಂದವರನ್ನು ಹಿಡಿದುಕೊಡುವುದು ಡಾಕ್ಟರ ಕೆಲಸ ಅಲ್ಲ. ಬೆಳಿಗ್ಗೆ ಬೇಗ ಹೋಗಿ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ. ಖಾಲಿ ಆಂಪ್ಯೂಲ್ ಒಂದಿದ್ದರೆ ಜೊತೆಗೆ ಒಯ್ಯಿರಿ, ಏನು ತಗೊಂಡಿದ್ದಾನೆ ಅಂತ ಅವರಿಗೆ ಬೇಗ ಗೊತ್ತಾಗುತ್ತೆ.